ಕುದುರೆ ಚಿತ್ರದ ಡಬ್ಬಿ

ಡಬ್ಬಿ ಹಗುರವಾಗಿತ್ತು. ಅನ್ಸೆಲ್ಮೊ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮೊದಲು ಗಲಗಲ ಎನ್ನುತ್ತಿದ್ದದ್ದು ಈಗ ಬಡವರ ಮನೆಯ ಹುಂಡಿಯ ಹಾಗೆ ಸದ್ದು ಮಾಡಿತು.

ಒಲೆಯ ಮುಂದೆ ವೆನಾನ್ಸಿಯೊ ಬೆನ್ನು ಹಾಕಿ ನಿಂತು ಮೊಟ್ಟೆ ಹುರಿಯುತ್ತಿದ್ದ. ಭಾನುವಾರದ ಅಡುಗೆ ಅವನದು. ಹೊಂಡುರಾಸಿನ ಗ್ವಾಯಾಬಾಲಿನಿಂದ ಕ್ಯಾರೊಲೈನಾದ ಈ ಕೋಳಿಮಾಂಸದ ಕಾರ್ಖಾನೆಗೆ ಮೊದಲು ಬಂದವನು ಅವನು. ಚಕ್ರದ ಮೇಲಿನ ಈ ಟ್ರೈಲರ್ ಮನೆಯನ್ನು ಬಾಡಿಗೆಗೆ ಹಿಡಿದವನು ಅವನು. ಫುಟ್‌ಬಾಲ್ ತಂಡದ ಕ್ಯಾಪ್ಟನ್ ಕೂಡ ಅವನೇ. ತಿರುಗಿ ನೋಡದೆಯೇ ಹೇಳಿದ:

"ಮೇಷ್ಟ್ರೆ, ಹೊಸಾದು ತನ್ನಿ. ಮುಗೀತಾ ಬಂತು."

"ಏನು?"

"ಅದೇ, ನಿಮ್ಮ ಕುದುರೆ ಮಾತ್ರೆ."

ಡಬ್ಬಿಯ ಮೇಲೆ ಓಡುವ ಕುದುರೆಯ ಚಿತ್ರವಿತ್ತು. ಅದರ ಕೆಳಗೆ, ರಕ್ತಕ್ಕೆ, ನರಕ್ಕೆ, ಶಕ್ತಿಗೆ ಎಂದು ಬರೆದಿತ್ತು.

"ನೀವು ತಗೊಂಡ್ರಾ?"

"ಎಲ್ಲಾರೂ ತಗೊಂಡ್ವಿ. ಆಟಕ್ಕೆ ಮುಂಚೆ ಒಂದೊಂದು. ಇಷ್ಟು ದಿನ ಸೋತು ಸೋತು ಈಗ ಗೆಲ್ತಾ ಇರೋದು ಸುಮ್‌ಸುಮ್ನೆ ಅಂದ್ಕೊಂಡ್ರಾ?"

ಒಳಗಿನ ಕೋಣೆಯಿಂದ ಯಾರೋ ಕುದುರೆಯಂತೆ ಕೆನೆದ. ಮಿಕ್ಕವರು ನಕ್ಕರು. ಅನ್ಸೆಲ್ಮೊ ಕೂಡ ನಕ್ಕ. ಆ ಮನೆಯಲ್ಲಿ ಎಲ್ಲರೂ ನಕ್ಕಾಗ ನಗುವುದನ್ನು ಅವನು ಚೆನ್ನಾಗಿ ಕಲಿತಿದ್ದ.

"ಒಂದು ಮಾತು ಕೇಳಬಹುದಿತ್ತು."

"ಉಪ್ಪು ತಗೊಳ್ಳೋಕೆ ನಿಮ್ಮನ್ನ ಕೇಳ್ತೀವಾ ಮೇಷ್ಟ್ರೆ?"

ಡಬ್ಬಿಯನ್ನು ಕಪಾಟಿನಲ್ಲಿ ಉಪ್ಪಿನ ಪಕ್ಕದಲ್ಲಿಟ್ಟವನು ಅನ್ಸೆಲ್ಮೊನೇ. ಬಚ್ಚಿಟ್ಟರೆ ಹುಡುಕುತ್ತಾರೆ, ಕಣ್ಣೆದುರಿಗಿದ್ದರೆ ಯಾರೂ ನೋಡುವುದಿಲ್ಲ ಎಂದು ಲೆಕ್ಕ ಹಾಕಿದ್ದ. ಊರಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಕಪಾಟಿನ ಮೇಲಿರುವುದೆಲ್ಲ ಎಲ್ಲರದ್ದು ಎಂಬ ಈ ಮನೆಯ ಕಾನೂನನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇಲ್ಲಿ ಒಬ್ಬನ ಹಲ್ಲುನೋವಿನ ಮಾತ್ರೆ ಇನ್ನೊಬ್ಬನ ಬೆನ್ನುನೋವಿಗೆ ಆಗುತ್ತದೆ. ಒಬ್ಬ ಅಂಗಡಿಯಿಂದ ಶಕ್ತಿಯ ಇಂಜೆಕ್ಷನ್ ತಂದರೆ ವೆನಾನ್ಸಿಯೊ ಎಲ್ಲರನ್ನೂ ಸಾಲಾಗಿ ಬಗ್ಗಿಸಿ ಚುಚ್ಚುತ್ತಾನೆ.

"ದೇವರಾಣೆ, ನಾವು ಜಾಸ್ತಿ ತಿನ್ನಲಿಲ್ಲ," ಎಂದ ವೆನಾನ್ಸಿಯೊ, ಈಗ ತಿರುಗಿ. ಅವನ ಮುಖದಲ್ಲಿ ನಿಜವಾದ ಕನಿಕರವಿತ್ತು. "ಗೋಯೊಗೆ ಕೊಟ್ವಿ. ದಿನಾ ಬೆಳಿಗ್ಗೆ ಒಂದು. ಹೆಂಗೆ ಸೊರಗಿ ಹೋಗಿದಾನೆ ಪಾಪ, ನೋಡಿ. ನಿಮ್ಮ ಕೊಂಪಾದ್ರೆ ತಾನೆ, ಬೇಡ ಅಂತೀರಾ?"

ಅನ್ಸೆಲ್ಮೊ ಮತ್ತೊಮ್ಮೆ ಡಬ್ಬಿ ಅಲ್ಲಾಡಿಸಿ ನೋಡಿದ.

"ದಿನಾ?"

"ಒಂದು ದಿನಾನೂ ತಪ್ಪಿಸಿಲ್ಲ," ಎಂದು ವೆನಾನ್ಸಿಯೊ ಹೆಮ್ಮೆಯಿಂದ ಹೇಳಿ ಮೊಟ್ಟೆ ತಿರುವಿ ಹಾಕಿದ.

ಅನ್ಸೆಲ್ಮೊ ಡಬ್ಬಿ ಹಿಡಿದುಕೊಂಡೇ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಮುಚ್ಚಳ ತೆಗೆದು ಒಳಗೆ ನೋಡಿದ. ತಳದಲ್ಲಿ ಕೆಲವೇ ನೀಲಿ ಮಾತ್ರೆಗಳು.

ವಿಟಮಿನ್ ಅಲ್ಲ ಅವು. ವಿಟಮಿನ್ನನ್ನು ಅವನು ಎಂದೋ ಕಸದ ಬುಟ್ಟಿಗೆ ಸುರಿದು, ಕ್ಲಿನಿಕ್ಕಿನಲ್ಲಿ ಕೆಲವು ತಿಂಗಳಿಗೆಂದು ಒಟ್ಟಿಗೆ ಕೊಟ್ಟ ಮಾತ್ರೆಗಳನ್ನು ಈ ಡಬ್ಬಿಗೆ ತುಂಬಿದ್ದ. ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ. ಬಂದವರಿಗಲ್ಲ, ಬಾರದವರಿಗೆ. ಈ ವ್ಯತ್ಯಾಸವನ್ನು ಅವನು ಕರಿಹಲಗೆಯ ಮೇಲೆ ಬರೆದು ಯಾರಿಗಾದರೂ ವಿವರಿಸಬಲ್ಲ. ಆದರೆ ಈ ಮನೆಯಲ್ಲಿ ಆ ಮಾತ್ರೆಯ ನಿಜವಾದ ಹೆಸರು ಗೊತ್ತಾದರೆ ಸಾಕು, ಕಾಯಿಲೆಯೇ ಸಿಕ್ಕಿದ ಹಾಗೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ನಿನಗ್ಯಾಕೆ ಬೇಕಿತ್ತು ಅದು?

ನಗರದಲ್ಲಿ ಒಬ್ಬ ಗಂಡಸಿದ್ದ. ಶನಿವಾರ ಇಂಗ್ಲಿಷ್ ಕ್ಲಾಸಿಗೆ ಎಂದು ಹೇಳಿ ಅನ್ಸೆಲ್ಮೊ ಅವನ ಬಳಿಗೆ ಹೋಗುತ್ತಿದ್ದ. ಅವನ ಮನೆಯ ಸೋಫಾದ ಮೇಲೆ ಮಾತ್ರ ಬೂಟು ಬಿಚ್ಚಿ, ಕಾಲು ಚಾಚಿ, ಏನೂ ಮಾತಾಡದೆ ಕೂರಬಹುದಿತ್ತು. ಅವನ ಮನೆತನದ ಹೆಸರೂ ಅನ್ಸೆಲ್ಮೊಗೆ ಗೊತ್ತಿರಲಿಲ್ಲ. ಕೇಳಿದರೆ ತನ್ನದನ್ನೂ ಹೇಳಬೇಕಾಗುತ್ತದೆ.

ಹತ್ತಿರದ ಕ್ಲಿನಿಕ್ಕಿಗೆ ಅವನು ಹೋಗುತ್ತಿರಲಿಲ್ಲ. ಅಲ್ಲಿ ಚೀಟಿ ಬರೆಯುವವಳು ಇವರ ಇಗರ್ಜಿಯಲ್ಲಿ ಹಾಡುವವಳು. ಎರಡು ಊರು ದಾಟಿ ಹೋಗುತ್ತಿದ್ದ. ಅಲ್ಲಿನ ನರ್ಸ್ ಇವೆಲಿಸ್ಸೆ, ಪೋರ್ಟೊರಿಕೊದವಳು, ಪ್ರತಿ ಸಲವೂ ರಕ್ತ ತೆಗೆದುಕೊಂಡ ಮೇಲೆಯೇ ಮಾತ್ರೆ ಕೊಡುತ್ತಿದ್ದಳು. ಯಾಕೆ ಇಷ್ಟು ಸಲ ಎಂದು ಒಮ್ಮೆ ಕೇಳಿದ್ದ.

"ಕಾಯಿಲೆ ಆಗ್ಲೇ ಒಳಗಿದ್ರೆ ಇದೊಂದೇ ಮಾತ್ರೆ ಸಾಕಾಗಲ್ಲ," ಎಂದಿದ್ದಳು. "ಅದು ಇದರ ಜೊತೆ ಬದುಕೋದನ್ನ ಕಲಿತುಬಿಡುತ್ತೆ. ಆಮೇಲೆ ದೊಡ್ಡ ಔಷಧಿಗೂ ಬಗ್ಗಲ್ಲ. ಮೊದಲೇ ಗೊತ್ತಾದ್ರೆ ಏನೂ ತೊಂದ್ರೆ ಇಲ್ಲ, ಸರಿಯಾದ ಔಷಧಿ ತಗೊಂಡು ಮುದುಕರಾಗೋ ತನಕ ಇರಬಹುದು. ಗೊತ್ತಾಗದೆ ಇರೋದೇ ಕಷ್ಟ."

ಗೋಯೊ ಸೊರಗಿದ್ದು ಯಾವಾಗಿನಿಂದ? ಕುತ್ತಿಗೆಯ ಪಕ್ಕದಲ್ಲಿ ಗಂಟು. ರಾತ್ರಿ ಬೆವರಿ ಒದ್ದೆಯಾದ ಅಂಗಿಯನ್ನು ಬೆಳಿಗ್ಗೆ ಯಾರೂ ಏಳುವ ಮೊದಲೇ ಹಿಂಡಿ ಹಾಕುತ್ತಿದ್ದ. ಖಾರ ಬಿಟ್ಟಿದ್ದ. ಬಾಯಿ ತೆರೆದು ನಕ್ಕಾಗ ನಾಲಿಗೆಯ ಮೇಲೆ ಮೊಸರು ಮೆತ್ತಿದ ಹಾಗೆ ಬಿಳುಪು. ಅನ್ಸೆಲ್ಮೊ ಇದನ್ನೆಲ್ಲ ನೋಡಿದ್ದ. ನೋಡಿದ್ದನ್ನು ಒಂದರ ಪಕ್ಕ ಒಂದಿಟ್ಟು ಕೂಡಿಸಿರಲಿಲ್ಲ, ಅಷ್ಟೆ.

ಡಬ್ಬಿಯನ್ನು ಕಮೋಡಿನ ಮೇಲೆ ಬಗ್ಗಿಸಿದ. ಸುರಿದು ನೀರು ಬಿಟ್ಟರೆ ಮುಗಿಯಿತು.

ಯಾರೋ ಬಾಗಿಲು ದಡದಡ ಬಡಿದರು. "ಮೇಷ್ಟ್ರೆ, ಒಳಗೇ ಸಂಸಾರ ಹೂಡಿದ್ರಾ? ನಮಗೂ ಹೊಟ್ಟೆ ಅಂತ ಒಂದಿದೆ!"

ಅವನು ಬಾಗಿಲು ತೆಗೆದ. ವೆನಾನ್ಸಿಯೊ ಅವನ ಕೈಯಿಂದ ಡಬ್ಬಿಯನ್ನು ಪ್ರೀತಿಯಿಂದಲೇ ಕಿತ್ತುಕೊಂಡು ತಂಡದ ಚೀಲಕ್ಕೆ ಹಾಕಿದ. "ಇವತ್ತು ಮೊಂತೆವೆರ್ದೆಯವರ ಮೇಲೆ ಆಟ. ಇದಿಲ್ಲದೆ ಹೋದ್ರೆ ಮರ್ಯಾದೆ ಹೋಗುತ್ತೆ."

ತಿಂಡಿಯಾದ ಮೇಲೆ ಅನ್ಸೆಲ್ಮೊ ಎಲ್ಲರ ತಟ್ಟೆ ಲೋಟ ತೊಳೆದ. ಸರದಿ ಅವನದಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಕಪಾಟಿನ ಮೂಲೆಯಲ್ಲಿ ಫಿಲೆಮೋನನ ಲೋಟ ಇನ್ನೂ ಇತ್ತು. ತಳದಲ್ಲಿ ಕೆಂಪು ಬಣ್ಣದ ಬೊಟ್ಟು. ಫಿಲೆಮೋನ್ ಕಳೆದ ವರ್ಷದವರೆಗೂ ಇದೇ ಮನೆಯಲ್ಲಿದ್ದ. ಅವನ ಕಾರು ಎಚ್‌ಐವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನ ಮುಂದೆ ನಿಂತಿದ್ದನ್ನು ಯಾರೋ ಕಂಡರು. ಕಾರನ್ನು, ಅಷ್ಟೆ. ಮಧ್ಯಾಹ್ನಕ್ಕೆ ಕಾರ್ಖಾನೆಗೆಲ್ಲ ಗೊತ್ತಾಯಿತು, ಸಂಜೆಗೆ ಫೋನಿನಲ್ಲಿ ಗ್ವಾಯಾಬಾಲಿಗೆ. ಇಲ್ಲಿ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಒಂದು ಬೆಳಿಗ್ಗೆ ಅವನ ಲೋಟಕ್ಕೆ ಬೊಟ್ಟು ಬಿದ್ದಿತ್ತು, ಅವನ ಚಮಚ ಬೇರೆಯಾಗಿತ್ತು. ಅಲ್ಲಿ ಊರಿನಲ್ಲಿ ಅವನ ತಾಯಿ ರೊಟ್ಟಿ ಸುಟ್ಟು ಮಾರುವವಳು. ಬುಟ್ಟಿ ತುಂಬ ರೊಟ್ಟಿ ಹಾಗೇ ಉಳಿಯತೊಡಗಿತು. ಫಿಲೆಮೋನ್ ಎಲ್ಲಿಗೆ ಹೋದನೋ ಯಾರಿಗೂ ತಿಳಿಯದು. ಲೋಟವನ್ನು ಯಾರೂ ಮುಟ್ಟಲಿಲ್ಲ, ಎಸೆಯಲೂ ಇಲ್ಲ.

ಅನ್ಸೆಲ್ಮೊನ ತಾಯಿ ಊರ ಇಗರ್ಜಿಯಲ್ಲಿ ಹೂವಿನ ಅಲಂಕಾರ ಮಾಡುವವಳು. ವಿಧವೆಯ ಬದುಕಿನಲ್ಲಿ ಅವಳಿಗಿದ್ದ ಮರ್ಯಾದೆ ಅದೊಂದೇ.

ವ್ಯಾನಿನಲ್ಲಿ ಗೋಯೊ ಅವನ ಪಕ್ಕದಲ್ಲಿ ಕುಳಿತ. ಹೊರಗೆ ಬಿಸಿಲು ಸುಡುತ್ತಿದ್ದರೂ ಮೇಲೆ ದಪ್ಪ ಜಾಕೆಟ್ಟು. ಗೋಯೊ ಈಗ ಆಡುವುದನ್ನು ಬಿಟ್ಟಿದ್ದ. ಬೆಂಚಿನ ಮೇಲೆ ಕುಳಿತು ಕೂಗುವುದು ಅವನ ಕೆಲಸ.

ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹೊಳೆಯಲ್ಲಿ ಬರಿಮೈಯಲ್ಲಿ ಬಿದ್ದು ಎದ್ದವರು. ಗೋಯೊಗೆ ಮಗಳು ಹುಟ್ಟಿದಾಗ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು ಅನ್ಸೆಲ್ಮೊ. ಅಂದಿನಿಂದ ಇಬ್ಬರೂ ಕೊಂಪಾದ್ರೆಗಳು, ಒಂದೇ ಮಗುವಿಗೆ ದೇವರ ಮುಂದೆ ತಂದೆಯಾದವರು. ಬೀಗತನಕ್ಕಿಂತ ದೊಡ್ಡ ನಂಟು ಅದು. ಅಲ್ಲಿಗೆ ಪೋಲಿ ಮಾತು ನಿಂತಿತು, ಹೆಂಗಸರ ಮಾತು ನಿಂತಿತು, ಮೈಯ ಮಾತು ನಿಂತಿತು. ಒಬ್ಬರಿಗೊಬ್ಬರು ತಲೆಬಾಗಿ ಮಾತಾಡಿಸುವ ಇಬ್ಬರು ಗೌರವಸ್ಥರಾದರು. ಗೋಯೊನನ್ನು ಅಷ್ಟು ಹತ್ತಿರ ತಂದುಕೊಂಡು ಅಷ್ಟು ದೂರ ಇಟ್ಟ ಆ ಗೌರವದ ಮೇಲೆ ಅನ್ಸೆಲ್ಮೊಗೆ ಈಗ ಸಿಟ್ಟು ಬಂದಿತು.

"ನಿಮ್ಮ ವಿಟಮಿನ್ ಖಾಲಿ ಮಾಡ್ಬಿಟ್ಟೆ ಕೊಂಪಾದ್ರೆ," ಎಂದ ಗೋಯೊ.

"ಪರವಾಗಿಲ್ಲ."

"ಒಳ್ಳೇದಾಗ್ತಾ ಇದೆ. ಸ್ವಲ್ಪ."

"ಹೌದಾ?"

"ಹೂಂ. ಸ್ವಲ್ಪ."

ವ್ಯಾನ್ ಒಂದು ಉಬ್ಬಿನ ಮೇಲೆ ಹಾರಿತು. ಹಿಂದೆ ಕುಳಿತವರು ಹೋ ಎಂದರು.

"ಯಾರಾದ್ರೂ ಡಾಕ್ಟರಿಗೆ ತೋರಿಸ್ಬೇಕಿತ್ತು ನೀವು," ಎಂದ ಅನ್ಸೆಲ್ಮೊ, ಕಿಟಕಿಯ ಕಡೆ ನೋಡುತ್ತ.

"ಏನಂತ ತೋರಿಸ್ಲಿ?"

"ಸುಸ್ತು ಅಂತ."

"ಸುಸ್ತು ಯಾರಿಗಿಲ್ಲ ಹೇಳಿ."

ಗೋಯೊ ಜಾಕೆಟ್ಟಿನ ಜೇಬಿನಿಂದ ಲೋಟ ತೆಗೆದು, ಬಾಟಲಿಯಿಂದ ನೀರು ಬಗ್ಗಿಸಿಕೊಂಡು ಕುಡಿದ. ನುಂಗುವಾಗ ಕಣ್ಣು ಮುಚ್ಚಿಕೊಂಡ. ಲೋಟ ಮೇಲೆತ್ತಿದಾಗ ತಳದ ಕೆಂಪು ಬೊಟ್ಟು ಕಂಡಿತು.

"ಆ ಲೋಟ ಯಾಕೆ ತಂದ್ರಿ?"

"ಬೇರೆ ಯಾವ್ದೂ ತೊಳೆದಿರಲಿಲ್ಲ."

ಅನ್ಸೆಲ್ಮೊ ತನ್ನ ಕೈಗಳನ್ನು ನೋಡಿಕೊಂಡ. ಬೆಳಗಿನ ಸೋಪಿನ ವಾಸನೆ ಇನ್ನೂ ಇತ್ತು. ಲೋಟಗಳನ್ನೆಲ್ಲ ಒರೆಸಿ ಬೋರಲು ಹಾಕಿದ್ದನ್ನು ಗೋಯೊ ಅಲ್ಲೇ ನಿಂತು ನೋಡಿದ್ದ.

ಈಗ ಹೇಳಬೇಕು ಎಂದುಕೊಂಡ. ಹಿಂದಿನ ಸೀಟಿನಲ್ಲಿ ಆರು ಜೊತೆ ಕಿವಿಗಳಿದ್ದವು. ಇಳಿದ ಮೇಲೆ ಹೇಳೋಣ ಎಂದುಕೊಂಡ.

ಇಳಿದ ಮೇಲೆ ಮೊದಲು ಕಂಡದ್ದು ಬಿಳಿಯ ವ್ಯಾನ್. ಮೈದಾನದ ಆಚೆ ಬದಿಯಲ್ಲಿ, ಗೆರೆಯಿಂದ ಸ್ವಲ್ಪ ಹಿಂದೆ, ಬೇಲಿಗೆ ಒತ್ತಿ ನಿಂತಿತ್ತು. ಅದರ ನೆತ್ತಿಯ ಮೇಲೆ ಸ್ಪ್ಯಾನಿಷ್‌ನಲ್ಲಿ ಬರೆದ ಬಟ್ಟೆ: ಎಚ್‌ಐವಿ ಪರೀಕ್ಷೆ, ಉಚಿತ, ಗೋಪ್ಯ. ಗೋಪ್ಯ ಎಂಬ ಪದವನ್ನು ಈ ಕಡೆಯಿಂದಲೂ ಓದಬಹುದಾದಷ್ಟು ದಪ್ಪಕ್ಷರದಲ್ಲಿ ಬರೆದಿದ್ದರು. ವ್ಯಾನಿನ ಪಕ್ಕ ಮಡಚುವ ಮೇಜು, ಮೇಜಿನ ಮೇಲೆ ನೀರಿನ ಬಾಟಲಿಗಳು, ಮೇಜಿನ ಹಿಂದೆ ಇವೆಲಿಸ್ಸೆ.

ಅನ್ಸೆಲ್ಮೊ ಇಳಿದಲ್ಲೇ ನಿಂತ. ಅವಳು ಕೈ ಬೀಸಿದರೆ? ಹೆಸರು ಹಿಡಿದು ಕರೆದರೆ?

ಅವಳು ಈ ಕಡೆ ನೋಡಿದಳು. ಅವನ ಮೇಲೆ ಕಣ್ಣು ಬಿತ್ತು. ಬಿದ್ದ ಕಣ್ಣು ನಿಲ್ಲದೆ ವೆನಾನ್ಸಿಯೊನ ಮೇಲೆ, ಗೋಲಿನ ಕಂಬದ ಮೇಲೆ, ಆಕಾಶದ ಮೇಲೆ ಹಾದು ಹೋಯಿತು. ಅವನು ಬದುಕಿಕೊಂಡೆ ಎಂದು ಉಸಿರು ಬಿಟ್ಟ. ಅವನ ನಿಜವನ್ನು ಬಲ್ಲ ಒಬ್ಬಳೇ ಒಬ್ಬಳು ಇಡೀ ಊರಿನಲ್ಲಿ ಅವನ ಗುರುತೇ ಇಲ್ಲದವಳಂತೆ ನಿಂತಿದ್ದಳು. ಅವನಿಗೋಸ್ಕರವೇ ಹಾಗೆ ನಿಂತಿದ್ದಳು. ಆಮೇಲೆ ಅವನಿಗೆ ಬಹಳ ಒಂಟಿ ಎನಿಸಿತು.

ಮೊಂತೆವೆರ್ದೆಯ ಕಡೆಯವನೊಬ್ಬ ವ್ಯಾನಿನ ತನಕ ಹೋಗಿ ನೀರಿನ ಬಾಟಲಿ ತೆಗೆದುಕೊಂಡು ಓಡಿ ಬಂದ. ಬರುವಾಗ ಬಾಟಲಿಯನ್ನು ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸುತ್ತ ಕೂಗಿದ: "ಬರೀ ನೀರು! ನೋಡ್ಕೊಳ್ರಪ್ಪಾ, ಬರೀ ನೀರು!"

"ಮದುವೆ ಯಾವಾಗ್ಲೋ?" ಎಂದು ಯಾರೋ ಕೂಗಿದ. "ಮದುವಣಗಿತ್ತಿ ಥರ ಓಡ್ತಾನೆ ನೋಡು!" ಮೈದಾನವೆಲ್ಲ ನಕ್ಕಿತು.

ಆಮೇಲೆ ಆ ಕಡೆ ಯಾರೂ ಹೋಗಲಿಲ್ಲ.

ಆಟಕ್ಕೆ ಮುಂಚೆ ವೆನಾನ್ಸಿಯೊ ಎಲ್ಲರನ್ನೂ ಸುತ್ತ ಸೇರಿಸಿದ. ಚೀಲದಿಂದ ಕುದುರೆ ಚಿತ್ರದ ಡಬ್ಬಿ ಹೊರಬಂತು. ಪಾದ್ರಿಯ ಗಾಂಭೀರ್ಯದಲ್ಲಿ ಅವನು ಮಾತ್ರೆಗಳನ್ನು ಉಗುರಿನಿಂದ ಎರಡು ಮಾಡಿದ.

"ಅರ್ಧರ್ಧ ನಮಗೆ. ಗೋಯೊಗೆ ಪೂರ್ತಿ. ನಾಳೆಗೂ ಒಂದು ಉಳಿಸಿದೀನಿ ಅವನಿಗೆ."

ಅನ್ಸೆಲ್ಮೊನ ಅಂಗೈಗೂ ಒಂದು ಚೂರು ಬಿತ್ತು. ಎಲ್ಲರೂ ನುಂಗಿದಾಗ ಅವನೂ ನುಂಗಿದ. ಇಷ್ಟು ದಿನಗಳಲ್ಲಿ ಯಾರ ಕಣ್ಣಿಗೂ ಹೆದರದೆ, ಬಾಗಿಲು ಹಾಕಿಕೊಳ್ಳದೆ ಅವನು ಅದನ್ನು ನುಂಗಿದ್ದು ಇದೇ ಮೊದಲು.

ವೆನಾನ್ಸಿಯೊ ಬೆಂಚಿನ ಕಡೆ ತಿರುಗಿದ. ಎರಡು ಬೆರಳ ನಡುವೆ ಇಡೀ ಮಾತ್ರೆ.

"ಗೋಯೊಗೆ ಬೇಡ," ಎಂದ ಅನ್ಸೆಲ್ಮೊ.

ದನಿ ತನ್ನದೇ ಎಂದು ಅವನಿಗೆ ತಿಳಿದದ್ದು ಎಲ್ಲರೂ ತಿರುಗಿ ನೋಡಿದ ಮೇಲೆ.

"ಯಾಕೆ?"

ಗೋಯೊ ಕೂಡ ನೋಡುತ್ತಿದ್ದ. ಅವನ ಕಣ್ಣುಗಳು ಮುಖಕ್ಕೆ ದೊಡ್ಡವಾಗಿಬಿಟ್ಟಿದ್ದವು. ಏನೋ ಒಂದು ಮಾತಿಗೆ ಕಾದು ಕುಳಿತ ಕಣ್ಣು.

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಅದನ್ನು ಹೇಳಿದರೆ ಸಂಜೆಯೊಳಗೆ ಗ್ವಾಯಾಬಾಲಿನ ಇಗರ್ಜಿಯಲ್ಲಿ ಬೇರೆ ಯಾರೋ ಹೂವಿಡುತ್ತಾರೆ.

"ಖಾಲಿ ಹೊಟ್ಟೇಲಿ ತಗೋಬಾರದು ಅದನ್ನ," ಎಂದ. "ಬೆಳಿಗ್ಗೆ ಅವರು ಏನೂ ತಿನ್ನಲಿಲ್ಲ."

"ಅಯ್ಯೋ, ಅಷ್ಟೇ ತಾನೆ!" ವೆನಾನ್ಸಿಯೊ ಹಣೆ ಬಡಿದುಕೊಂಡ. "ಚಾಯೊ ಅಕ್ಕಾ! ಗೋಯೊಗೆ ಒಂದು ಕಡುಬು ಕೊಡಿ ಬೇಗ!"

ಗೆರೆಯ ಪಕ್ಕದಲ್ಲಿ ಪಾತ್ರೆ ಇಟ್ಟುಕೊಂಡು ಊಟ ಮಾರುತ್ತಿದ್ದ ಚಾಯೊ ಅಕ್ಕ ಬಾಳೆಯೆಲೆ ಸುತ್ತಿದ ಜೋಳದ ಕಡುಬನ್ನು ತಾನೇ ಬಿಚ್ಚಿ ತಂದಳು. "ತಿನ್ನು ನನ್ನಪ್ಪಾ. ಹೆಂಡ್ತಿ ನೋಡಿದ್ರೆ ಗುರುತು ಹಿಡಿಯಲ್ಲ ನಿನ್ನ."

"ಸಾಕಕ್ಕ, ಹಸಿವಿಲ್ಲ."

"ಹಸಿವು ತಾನಾಗೇ ಬರಲ್ಲ. ಬಾಯಿ ತೆಗಿ."

ಅವರೆಲ್ಲ ಸುತ್ತ ನಿಂತು ಅವನಿಗೆ ತಿನ್ನಿಸಿದರು. ಒಬ್ಬ ಬೆನ್ನು ಸವರಿದ, ಒಬ್ಬ ನೀರು ಹಿಡಿದ. ಬಿಸಿ ಕಡುಬು ಬಾಯಿಯ ಹುಣ್ಣಿಗೆ ತಾಗಿ ಗೋಯೊನ ಕಣ್ಣಲ್ಲಿ ನೀರು ಬಂತು. ಖಾರ ಎಂದು ಅವನು ನಕ್ಕ. ಖಾರ ಹಾಕಿಯೇ ಇಲ್ಲವಲ್ಲ ಎಂದು ಚಾಯೊ ಅಕ್ಕ ಗೊಣಗಿದಳು. ಕೊನೆಯ ತುತ್ತಿನ ಮೇಲೆ ವೆನಾನ್ಸಿಯೊ ಮಾತ್ರೆಯನ್ನು ಅವನ ನಾಲಿಗೆಯ ಮೇಲಿಟ್ಟ. ಗೋಯೊ ಅನ್ಸೆಲ್ಮೊನನ್ನೇ ನೋಡುತ್ತ ನುಂಗಿದ.

ಇಷ್ಟು ಜನ ಇಷ್ಟು ಪ್ರೀತಿಯಿಂದ ಒಬ್ಬನನ್ನು ನೋಡಿಕೊಳ್ಳುವುದನ್ನು ಅನ್ಸೆಲ್ಮೊ ಹಿಂದೆಂದೂ ಕಂಡಿರಲಿಲ್ಲ.

ಆಟ ಶುರುವಾಯಿತು. ಅನ್ಸೆಲ್ಮೊ ಅಷ್ಟೇನೂ ಒಳ್ಳೆಯ ಆಟಗಾರನಲ್ಲ, ಹಾಗಾಗಿ ಬೆಂಚಿನಲ್ಲಿ ಗೋಯೊನ ಪಕ್ಕದಲ್ಲಿ ಉಳಿದ. ಎಲ್ಲರ ಕಣ್ಣೂ ಚೆಂಡಿನ ಮೇಲಿತ್ತು. ಇಬ್ಬರೇ ಕುಳಿತು ಮಾತಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವನು ಆಟದ ಬಗ್ಗೆ ಮಾತಾಡಿದ. ಎಡಗಡೆ ಆಡುವವನು ಚೆಂಡು ಬಿಡುವುದೇ ಇಲ್ಲ ಎಂದ. ಹೌದು, ಬಿಡುವುದೇ ಇಲ್ಲ ಎಂದ ಗೋಯೊ.

ಅರ್ಧ ಆಟ ಮುಗಿಯಿತು. ಆಟಗಾರರು ಚಾಯೊ ಅಕ್ಕನ ಪಾತ್ರೆಯ ಸುತ್ತ ಮುತ್ತಿದರು.

"ಕೊಂಪಾದ್ರೆ," ಎಂದ ಗೋಯೊ. ತನ್ನ ಬೂಟಿನ ತುದಿಯನ್ನು ನೋಡುತ್ತಿದ್ದ. "ಆ ವ್ಯಾನಲ್ಲಿ ತಣ್ಣಗಿರೋ ನೀರು ಕೊಡ್ತಾರಂತೆ."

"ಹೂಂ."

"ನಮ್ಮ ನೀರು ಬಿಸಿಯಾಗ್ಬಿಟ್ಟಿದೆ."

"ಹೂಂ."

"ನೀವು ಬರ್ತೀರಾ? ಇಬ್ರೂ ಹೋದ್ರೆ... ನೀರಿಗೇ ಹೋದ್ರು ಅಂತಾರೆ."

ಅನ್ಸೆಲ್ಮೊ ಆಚೆ ಬದಿಯನ್ನು ನೋಡಿದ. ಇಲ್ಲಿಂದ ಅಲ್ಲಿಗೆ ನಡುವೆ ಮರವಿಲ್ಲ, ಗಿಡವಿಲ್ಲ, ಬೋಳು ಮೈದಾನ. ಸುತ್ತ ನಾಲ್ಕೂರಿನ ಜನ. ಹೋದರೆ ಇವೆಲಿಸ್ಸೆ ಗೋಯೊನ ಬೆರಳಿಗೆ ಚುಚ್ಚುತ್ತಾಳೆ. ಏನೇನು ಔಷಧಿ ತಗೊಳ್ತೀರಿ ಎಂದು ಕೇಳುತ್ತಾಳೆ. ಕೊಂಪಾದ್ರೆಯ ನೀಲಿ ವಿಟಮಿನ್ ಎಂದು ಗೋಯೊ ಹೇಳುತ್ತಾನೆ. ಆಗ ಅವಳು ತಲೆಯೆತ್ತಿ ಇವನನ್ನು ನೋಡಲೇಬೇಕಾಗುತ್ತದೆ.

ಆದರೂ ಅವನು ಎದ್ದ. ಎದ್ದದ್ದಂತೂ ನಿಜ.

"ಮೇಷ್ಟ್ರೆ!" ವೆನಾನ್ಸಿಯೊ ಕೂಗಿದ. "ಬನ್ನಿ ಒಳಗೆ, ಎಡಗಡೆಯವನ ಕಾಲು ಉಳುಕಿದೆ. ನೀವೇ ಗತಿ!"

"ಈಗ ಬಂದೆ," ಎಂದ ಅನ್ಸೆಲ್ಮೊ. ಅದನ್ನು ಗೋಯೊಗೆ ಹೇಳಿದನೋ ವೆನಾನ್ಸಿಯೊಗೋ ಅವನಿಗೇ ಸ್ಪಷ್ಟವಾಗಲಿಲ್ಲ. "ಆಟ ಮುಗೀಲಿ, ಹೋಗೋಣ," ಎಂದೂ ಸೇರಿಸಿದ.

"ಆಗ್ಲಿ ಕೊಂಪಾದ್ರೆ. ಅವಸರ ಏನಿಲ್ಲ."

ಮೈದಾನಕ್ಕೆ ಓಡುವಾಗ ಅನ್ಸೆಲ್ಮೊಗೆ ಹಾಯೆನಿಸಿತು. ಶಾಲೆಗೆ ರಜೆ ಕೊಟ್ಟಾಗ ಹುಡುಗರಿಗಾಗುವ ಹಾಯಿ. ಅದು ನಾಚಿಕೆಗೇಡು ಎಂದು ಗೊತ್ತಿದ್ದರೂ ಹಾಯಾಗಿಯೇ ಇತ್ತು.

ಅವನು ಓಡಿದ. ಚೆಂಡು ಬಂದಾಗ ಒದ್ದ, ಬಾರದಿದ್ದಾಗ ಬಂದೀತೆಂಬಂತೆ ಓಡಿದ. ಯಾರೋ "ಶಭಾಷ್ ಮೇಷ್ಟ್ರೆ" ಎಂದರು. ನೆರಳು ಉದ್ದವಾಗತೊಡಗಿತು. ಆಚೆ ಬದಿಯಲ್ಲಿ ಇವೆಲಿಸ್ಸೆ ನೆತ್ತಿಯ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಗೋಪ್ಯ ಎಂಬ ಪದ ಮೊದಲು ಜೋತು ಬಿತ್ತು, ಆಮೇಲೆ ಮಡಿಕೆಯೊಳಗೆ ಹೋಯಿತು.

ಎರಡೂ ಕಡೆ ಒಂದೊಂದು ಗೋಲು. ಇನ್ನೇನು ಮುಗಿಯುತ್ತದೆ ಎನ್ನುವಾಗ ಮೊಂತೆವೆರ್ದೆಯವನೊಬ್ಬ ಬೀಸಿ ಒದ್ದ. ಚೆಂಡು ಗೆರೆ ದಾಟಿ, ಪುಟಿದು, ಉರುಳಿ, ಬಿಳಿ ವ್ಯಾನಿನ ಚಕ್ರಕ್ಕೆ ತಾಗಿ ನಿಂತಿತು.

"ಮೇಷ್ಟ್ರೆ, ನಿಮ್ಮದೇ! ಬೇಗ!"

ಅವನೇ ಹತ್ತಿರವಿದ್ದ. ಹೋಗದೆ ಇರುವ ಹಾಗಿರಲಿಲ್ಲ. ಇಷ್ಟು ಜನರ ಕಣ್ಣೆದುರಿಗೆ ಆ ವ್ಯಾನಿನ ತನಕ ಹೋಗಲು ಇದಕ್ಕಿಂತ ಶುದ್ಧವಾದ ಕಾರಣ ಜನ್ಮದಲ್ಲಿ ಸಿಗದು. ಅವನು ಓಡಿದ.

ಇವೆಲಿಸ್ಸೆ ಮಡಚಿದ ಮೇಜನ್ನು ವ್ಯಾನಿಗೊರಗಿಸಿ, ಬಗ್ಗಿ ಚೆಂಡನ್ನು ಎತ್ತಿಕೊಂಡಳು. ಅವನ ಕೈಗಿಟ್ಟಳು. ಅವಳ ಬೆರಳು ಒಂದು ಕ್ಷಣ ಚೆಂಡಿನ ಮೇಲೆಯೇ ಉಳಿಯಿತು.

"ನೀರು ಬೇಕಾ?" ಎಂದಳು. ಅಷ್ಟೇ. ದನಿ ತಗ್ಗಿಸಿರಲಿಲ್ಲ. ಯಾರು ಕೇಳಿದರೂ ನೀರು ಎಂದೇ ಕೇಳಿಸುತ್ತಿತ್ತು.

ಅವನು ಬಾಯಿ ತೆರೆದ. ಬೆಂಚಿನ ಮೇಲೆ ಜಾಕೆಟ್ ಹಾಕಿಕೊಂಡು ಕೂತಿದ್ದಾನಲ್ಲ, ಅವನನ್ನು ಬಿಟ್ಟು ಹೋಗಬೇಡಿ. ಇಷ್ಟು ಮಾತು ನಾಲಿಗೆಯ ಮೇಲಿತ್ತು. ಅರ್ಧ ಮಾತ್ರೆಯ ಕಹಿ ಇನ್ನೂ ಅಲ್ಲೇ ಇತ್ತು.

"ಮೇಷ್ಟ್ರೆ, ಅಲ್ಲೇ ಸಂಸಾರ ಹೂಡಿದ್ರಾ?" ವೆನಾನ್ಸಿಯೊನ ದನಿ. ನಗು ಎದ್ದಿತು.

"ಬೇಡ," ಎಂದ ಅನ್ಸೆಲ್ಮೊ. "ಥ್ಯಾಂಕ್ಸ್."

ಅವಳು ತಲೆಯಾಡಿಸಿದಳು. ಯಾರೋ ಅಪರಿಚಿತನಿಗೆ ಆಡಿಸುವ ಹಾಗೆ.

ಅವನು ಗೆರೆಯ ಹತ್ತಿರ ಬಂದು ನಿಂತ. ಗೆರೆಯಾಚೆ ಹೋದ ಚೆಂಡನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಎಸೆಯಬೇಕು. ಕಾಲು ನೆಲ ಬಿಡಬಾರದು. ಅವನು ಚೆಂಡನ್ನು ಮೇಲೆತ್ತಿದ. ಮೈದಾನದೊಳಗೆ ತಂಡದವರೆಲ್ಲ ಕೈ ಎತ್ತಿ, ಇಲ್ಲಿ ಮೇಷ್ಟ್ರೆ, ಇಲ್ಲಿ, ನನಗೆ, ಎನ್ನುತ್ತಿದ್ದರು. ಬೆನ್ನ ಹಿಂದೆ ವ್ಯಾನಿನ ಬಾಗಿಲು ಜಾರಿ ಮುಚ್ಚಿದ ಸದ್ದು. ಇಂಜಿನ್ ಶುರುವಾದ ಸದ್ದು.

ಆಚೆ ಬದಿಯಲ್ಲಿ ಗೋಯೊ ಬೆಂಚಿನಿಂದ ಎದ್ದು ಗೆರೆಯ ತನಕ ಬಂದಿದ್ದ. ಅಷ್ಟು ಬಿಸಿಲಿನಲ್ಲಿ ಅವನೊಬ್ಬನೇ ಜಾಕೆಟ್ಟಿನಲ್ಲಿ. ಅವನೂ ಕೈ ಎತ್ತಿದ. ಕೈಯಲ್ಲಿ ಲೋಟವಿತ್ತು. ಎತ್ತಿದ್ದು ಚೆಂಡಿಗೋ, ಹೊರಟ ವ್ಯಾನಿಗೋ, ಇಲ್ಲಿಂದ ತಿಳಿಯುತ್ತಿರಲಿಲ್ಲ.

"ಎಸೀರಿ ಮೇಷ್ಟ್ರೆ!" ಎಂದು ಎಲ್ಲರೂ ಕೂಗಿದರು.

ಅನ್ಸೆಲ್ಮೊ ಎಸೆಯಲಿಲ್ಲ. ಎರಡೂ ಕೈ ತಲೆಯ ಮೇಲೆತ್ತಿಕೊಂಡು, ಪೊಲೀಸರ ಕೈಗೆ ಸಿಕ್ಕಿಬಿದ್ದವನ ಹಾಗೆ, ಗೆರೆಯ ಹೊರಗೆ ನಿಂತೇ ಇದ್ದ.